ಒಂದೇ ಹಲಗೆ, ಎರಡು ಪೇಟೆಂಟ್

ಎಕ್ಸ್‌ರೇ ಯಂತ್ರದ ಕೊಲಿಮೇಟರ್ (ಎಕ್ಸ್‌ರೇ ಎಲ್ಲಿ ಬೀಳುತ್ತದೆ ಅಂತ ಬೆಳಕಿನಲ್ಲಿ ತೋರಿಸುವ ಡಬ್ಬಿ), ಬೈಕಿನ ಹೆಡ್‌ಲೈಟ್ ಎರಡನ್ನೂ ಬೆಳಕು ಅಳೆಯುವ ಒಂದೇ ಹಲಗೆಯಿಂದ ಪರೀಕ್ಷೆ ಮಾಡಬಹುದು ಅಂತ ನಾನು ಹೇಳಿದಾಗ ಹೊಸೂರಿನಲ್ಲಿ ನಂಬಿದವರು ಕಡಿಮೆ. ಆಸ್ಪತ್ರೆಯವರು "ನೀವು ಗಾಡಿ ಕಡೆಯವರು, ನಿಮಗ್ಯಾಕೆ ಇದೆಲ್ಲ" ಅಂದರು. ಫ್ಯಾಕ್ಟರಿಯವರು "ಎಕ್ಸ್‌ರೇ ಮಾತು ಇಲ್ಲಿ ಬೇಡ ಸಾರ್" ಅಂದರು. ಈಗ ಎರಡಕ್ಕೂ ಪೇಟೆಂಟ್ ಬಂದಿದೆ, ಹಲಗೆಗಳೂ ದಿನಾ ಕೆಲಸ ಮಾಡುತ್ತಿವೆ. ಕೇಳುವವರು ಜಾಸ್ತಿ ಆದರು, ಅದಕ್ಕೆ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಮೊದಲು ಎಕ್ಸ್‌ರೇ. ಕೊಲಿಮೇಟರ್ ಒಳಗೆ ಒಂದು ಬಲ್ಬು, 45 ಡಿಗ್ರಿಗೆ ಕೂತ ಒಂದು ಕನ್ನಡಿ. ಕನ್ನಡಿ ಕೂದಲೆಳೆಯಷ್ಟು ತಿರುಗಿದರೂ ಬೆಳಕು ಒಂದು ಕಡೆ, ಎಕ್ಸ್‌ರೇ ಇನ್ನೊಂದು ಕಡೆ. ಎಇಆರ್‌ಬಿ (ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿ) ಲೆಕ್ಕದಲ್ಲಿ ಎರಡರ ಅಂಚಿನ ವ್ಯತ್ಯಾಸ ಎಕ್ಸ್‌ರೇ ಟ್ಯೂಬಿನಿಂದ ಫಿಲ್ಮಿಗಿರುವ ದೂರದ 2% ಮೀರಬಾರದು, ಅಂದರೆ 100 ಸೆಂ.ಮೀ.ಗೆ 2 ಸೆಂ.ಮೀ. ಗೋಡೆ ಮಧ್ಯೆ ಬೋಲ್ಟ್ ಹಾಕಿ ನಿಲ್ಲಿಸಿದ ಯಂತ್ರದಲ್ಲಿ ಇದು ಬೇಗ ಕೆಡಲ್ಲ. ವ್ಯಾನಿನಲ್ಲಿ ತಿರುಗುವ ಯಂತ್ರದ ಪಾಡು ಬೇರೆ. ಡೆಂಕಣಿಕೋಟೆ ದಾಟಿ ಅಂಚೆಟ್ಟಿ ಕಡೆಯ ಕಾಡು ರಸ್ತೆಯಲ್ಲಿ ಕ್ಯಾಂಪಿಗೆ ಹೋಗುವ ಒಂದು ವ್ಯಾನನ್ನು ಹೊರಡುವ ಮೊದಲು ನೋಡಿದೆ, ಬಂದ ಮೇಲೂ ನೋಡಿದೆ. ಒಂದು ಕಡೆಯ ಅಂಚು ಒಂದೂವರೆ ಸೆಂ.ಮೀ.ನಷ್ಟು ಸರಿದಿತ್ತು. ಬಿಚ್ಚಿದರೆ ಕನ್ನಡಿ ಹಿಡಿದಿರುವ ಸ್ಕ್ರೂ ಸಡಿಲ. ಇನ್ನೆರಡು ಕ್ಯಾಂಪ್ ಹೋಗಿದ್ದರೆ ಮಿತಿ ದಾಟುತ್ತಿತ್ತು. ಎದೆಯ ಎಕ್ಸ್‌ರೇಯಲ್ಲಿ ಒಂದು ಪಕ್ಕ ಕತ್ತರಿಸಿ ಹೋದರೆ ಮತ್ತೆ ತೆಗೆಯಲೇಬೇಕು. ಕೂಲಿ ಬಿಟ್ಟು ಬಂದು ಸಾಲಿನಲ್ಲಿ ನಿಂತವರಿಗೆ ಎರಡು ಸಲ ರೇಡಿಯೇಷನ್ ಯಾಕೆ ಕೊಡಬೇಕು?

ಇದಕ್ಕೆ ನಾಣ್ಯ ಇಟ್ಟು ನೋಡುವ ಪರೀಕ್ಷೆ ಒಂದಿದೆ. ಬೆಳಕಿನ ಅಂಚಿಗೆ ನಾಣ್ಯ ಜೋಡಿಸು, ಎಕ್ಸ್‌ಪೋಷರ್ ಕೊಡು, ಚಿತ್ರದಲ್ಲಿ ಅಳೆದು ನೋಡು. ಒಳ್ಳೆಯ ಪರೀಕ್ಷೆಯೇ. ಆದರೆ ಕ್ಯಾಂಪ್ ಜಾಗದಲ್ಲಿ ಜನ ಕಾಯುತ್ತಿರುವಾಗ ಯಾರೂ ಮಾಡಲ್ಲ. ನನಗೆ ಅರ್ಧ ನಿಮಿಷದಲ್ಲಿ ಉತ್ತರ ಬರಬೇಕಿತ್ತು.

ನಾಲ್ಕು ತೋಳಿನ ಹಲಗೆ, ಪ್ರತಿ ತೋಳಿನಲ್ಲೂ ಬಿಪಿಡಬ್ಲ್ಯು34 ಫೋಟೋಡಯೋಡಿನ (ಬೆಳಕು ಬಿದ್ದರೆ ಕರೆಂಟ್ ಕೊಡುವ ಬಿಡಿಭಾಗ) ಎರಡು ಸಾಲು. ಒಂದು ಸಾಲು ಬರಿಗಣ್ಣು, ಬೆಳಕಿಗೆ. ಇನ್ನೊಂದರ ಮೇಲೆ ಹಳೆ ಎಕ್ಸ್‌ರೇ ಫಿಲ್ಮ್ ಕ್ಯಾಸೆಟ್ಟಿನ ಸ್ಕ್ರೀನ್ ತುಂಡು (ಎಕ್ಸ್‌ರೇ ಬಿದ್ದರೆ ಹೊಳೆಯುವ ಹಾಳೆ), ಅದರ ಮೇಲೆ ಕಪ್ಪು ಕಾಗದ. ಡಿಜಿಟಲ್ ಬಂದ ಮೇಲೆ ಹಳೆ ಕ್ಯಾಸೆಟ್ಟುಗಳು ಗುಜರಿಯಲ್ಲಿ ಸಿಗುತ್ತವೆ. ಮೊದಲು ಸಿಕ್ಕಿದ್ದು ನೀಲಿ ಹೊಳೆಯುವ ಕ್ಯಾಲ್ಸಿಯಂ ಟಂಗ್‌ಸ್ಟೇಟ್. ಸಿಲಿಕಾನ್ ಡಯೋಡಿಗೆ ನೀಲಿ ಅಷ್ಟಾಗಿ ಕಾಣಲ್ಲ, ಸಿಗ್ನಲ್ ಗದ್ದಲದಲ್ಲೇ ಮುಳುಗಿಹೋಯಿತು. ಆಂಪ್ಲಿಫೈಯರ್ ಬದಲಾಯಿಸುತ್ತಾ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೆ ಸುಮಾರು ದುಡ್ಡು ಸುರಿದೆ. ಕೊನೆಗೆ ಹಸಿರು ಸ್ಕ್ರೀನ್, ಗ್ಯಾಡೋಲಿನಿಯಂ ಆಕ್ಸಿಸಲ್ಫೈಡ್ ಸಿಕ್ಕಿತು. 545 ನ್ಯಾನೋಮೀಟರ್ ಹತ್ತಿರ ಹೊಳೆಯುತ್ತದೆ. ಅದೇ ಬೋರ್ಡು, ಅದೇ ಡಯೋಡು, ಸಿಗ್ನಲ್ ಮಾತ್ರ ಎದ್ದು ನಿಂತಿತು.

ಆಮೇಲೆ ಆನೋಡ್ ಮೋಟಾರಿನ ಕಾಟ. ಆನೋಡ್ ಅಂದರೆ ಟ್ಯೂಬಿನೊಳಗೆ ತಿರುಗುತ್ತಾ ಎಕ್ಸ್‌ರೇ ಹೊರಡಿಸುವ ತಟ್ಟೆ. ಎಕ್ಸ್‌ಪೋಷರ್‌ಗೆ ಮೊದಲಿನ ಪ್ರೆಪ್ ಬಟನ್ ಒತ್ತಿದ ಕೂಡಲೇ ರೋಟರ್ ತಿರುಗುತ್ತದೆ, ಅದರ ಹಮ್ (ವಿದ್ಯುತ್ ಗದ್ದಲ) ನೇರವಾಗಿ ನನ್ನ ವೈರಿಗೆ. ಎಕ್ಸ್‌ರೇ ಬರುವ ಮೊದಲೇ ಹಲಗೆ ಅಂಚು ತೋರಿಸುತ್ತಿತ್ತು. ಕಪ್ಪು ಕಾಗದದ ಬದಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಹಾಕಿ ಅರ್ತ್ ಕೊಟ್ಟೆ. ಬೆಳಕೂ ನಿಂತಿತು, ಹಮ್ಮೂ ನಿಂತಿತು, ಎಕ್ಸ್‌ರೇಗೆ ಅದು ಅಡ್ಡಿಯೇ ಅಲ್ಲ. ಒಂದೇ ಏಟಿಗೆ ಎರಡು ಹಕ್ಕಿ.

ಇನ್ನೊಂದು ತಲೆನೋವು ಹೀಲ್ ಎಫೆಕ್ಟ್. ಆನೋಡ್ ಇರುವ ಕಡೆ ಎಕ್ಸ್‌ರೇಯ ಬಲ ಕಡಿಮೆ ಆಗುತ್ತದೆ, ಹಾಗಾಗಿ ಮಧ್ಯದ ಮಟ್ಟದ ಅರ್ಧವನ್ನು ಅಂಚು ಅಂತ ಹಿಡಿದರೆ ಆ ಕಡೆಯ ಅಂಚು ಒಳಗೆ ಸರಿದ ಹಾಗೆ ತೋರುತ್ತದೆ. ಪ್ರತಿ ತೋಳಿಗೂ ಅದರದ್ದೇ ಒಳಗಿನ ಮಟ್ಟ ಹಿಡಿದು ಅದರ ಅರ್ಧ ತೆಗೆದುಕೊಂಡೆ, ಸರಿಹೋಯಿತು. ಡಯೋಡುಗಳ ಮಧ್ಯೆ 5 ಮಿ.ಮೀ. ಅಂತರ ಇದ್ದರೂ ಓದುವುದು 1 ಮಿ.ಮೀ.ವರೆಗೆ. ಅದು ಹೇಗೆ ಅನ್ನುವುದರಲ್ಲಿ ಅರ್ಧ ಪೇಟೆಂಟಿನಲ್ಲೇ ಇದೆ, ಓದಿಕೊಳ್ಳಿ. ಉಳಿದರ್ಧ ಡಯೋಡುಗಳನ್ನು ಜೋಡಿ ಮಾಡುವ ರೀತಿಯಲ್ಲಿದೆ, ಅದು ನನ್ನ ಹೊಟ್ಟೆಪಾಡು, ಹೇಳಲ್ಲ.

ಈಗ ಹೆಡ್‌ಲೈಟ್. ಹೊಸೂರಿನ ಕೈಗಾರಿಕಾ ಪ್ರದೇಶ ಸಿಪ್ಕಾಟ್‌ನಲ್ಲಿ ವರ್ಷಗಟ್ಟಲೆ ಬೈಕ್ ಜೋಡಿಸುವ ಲೈನ್ ಕೊನೆಯ ಟೆಸ್ಟಿಂಗ್ ಮಾಡಿದವನು ನಾನು. ಬೀಮ್ ಎಲ್ಲಿ ಬೀಳುತ್ತದೆ ಅಂತ ನೋಡುವ 10 ಮೀಟರ್ ದೂರದ ಪರದೆಯನ್ನು ಲೆನ್ಸ್ ಹಾಕಿ ಡಬ್ಬಿಯೊಳಗೆ ತರುವುದು ಹಳೆಯ ವಿದ್ಯೆ. ನನಗೆ ಲೆನ್ಸ್ ಸಿಕ್ಕಿದ್ದು ಒಂದು ಶಾಲೆ ಹೊರಗೆ ಹಾಕಿದ್ದ ಓಎಚ್‌ಪಿಯಿಂದ (ಓವರ್‌ಹೆಡ್ ಪ್ರೊಜೆಕ್ಟರ್). ಅದರ ಫೋಕಸ್ 30 ಸೆಂ.ಮೀ. ಆಸುಪಾಸು, ಹಾಗಾಗಿ ಬೀಮ್ 1% ಇಳಿದರೆ (10 ಮೀಟರಿಗೆ 10 ಸೆಂ.ಮೀ.) ಹಲಗೆಯ ಮೇಲೆ 3 ಮಿ.ಮೀ. ನನ್ನ ಹಲಗೆಗೆ ಅಷ್ಟು ಸಾಕು. ಆದರೆ ಇಷ್ಟನ್ನು ಕ್ಯಾಮೆರಾ ಇಟ್ಟವರೂ ಮಾಡುತ್ತಾರೆ. ಕ್ವಾಲಿಟಿ ಮ್ಯಾನೇಜರ್ ಒಬ್ಬರು ಅದನ್ನೇ ಕೇಳಿದರು: "ಕ್ಯಾಮೆರಾ ಇದೆಯಲ್ಲ, ನಿಮ್ದೇನು ಹೊಸತು?"

ಹೊಸತು ಏನೆಂದರೆ ನಡುಕ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಎಂಜಿನ್ ಓಡುತ್ತಿದ್ದರೆ ಲೈಟ್ ಆನ್ ಇರಲೇಬೇಕು. ಬ್ರಾಕೆಟ್ ಸರಿ ಕೂತಿಲ್ಲದಿದ್ದರೆ ಐಡಲಿಂಗ್‌ನಲ್ಲೇ ಬೀಮ್ ನಡುಗುತ್ತದೆ. 1500 ಆರ್‌ಪಿಎಂ ಅಂದರೆ ಸೆಕೆಂಡಿಗೆ 25 ಸುತ್ತು. ಸೆಕೆಂಡಿಗೆ 25 ಚಿತ್ರ ತೆಗೆಯುವ ಕ್ಯಾಮೆರಾ ಪ್ರತಿ ಸಲವೂ ಅದೇ ಜಾಗದಲ್ಲಿ ಬೀಮ್ ನೋಡುತ್ತದೆ. ಬೀಮ್ ನಿಂತೇ ಇದೆ ಅನ್ನುತ್ತದೆ! ನನ್ನ ಡಯೋಡುಗಳು ಸೆಕೆಂಡಿಗೆ ಸಾವಿರ ಸಲ ಓದುತ್ತವೆ. ಆ ಮ್ಯಾನೇಜರ್ ಎದುರಿಗೇ ಬ್ರಾಕೆಟ್ಟಿನ ಒಂದು ಬೋಲ್ಟ್ ಸಡಿಲ ಮಾಡಿ ಎರಡರಲ್ಲೂ ತೋರಿಸಿದೆ. ಕ್ಯಾಮೆರಾದ ಪರದೆಯಲ್ಲಿ ಗೆರೆ ಅಲುಗಾಡಲಿಲ್ಲ, ನನ್ನದರಲ್ಲಿ ಗೆರೆ ದಪ್ಪ ಪಟ್ಟಿಯಾಗಿ ಹರಡಿಕೊಂಡಿತು. ಅವರು ಮಾತಾಡಲಿಲ್ಲ, ಇನ್ನೊಂದು ಬೈಕ್ ತರಿಸಿದರು.

ಎಲ್‌ಇಡಿ ಲೈಟ್ ಬಂದ ಮೇಲೆ ಮತ್ತೆ ಕಷ್ಟ ಶುರುವಾಯಿತು. ಕೆಲವು ಎಲ್‌ಇಡಿಗಳು ತಾವೇ ಸೆಕೆಂಡಿಗೆ ನೂರಾರು ಸಲ ಆರಿ ಹೊತ್ತುತ್ತವೆ. ಮೇಲಿನ ಟ್ಯೂಬ್‌ಲೈಟಿನ 100 ಹರ್ಟ್ಸ್ ಬೇರೆ. ಎಲ್ಲ ಡಯೋಡೂ ಒಟ್ಟಿಗೆ ಏರಿಳಿದರೆ ಅದು ಮಿನುಗು, ಒಂದು ಏರಿ ಪಕ್ಕದ್ದು ಇಳಿದರೆ ಅದು ನಡುಕ. ಇಷ್ಟು ಹೊಳೆಯುವುದಕ್ಕೆ ಒಂದು ಮಳೆಗಾಲ ಪೂರ್ತಿ ಹೋಯಿತು. ಎರಡನೇ ಪೇಟೆಂಟಿನ ಜೀವ ಇರುವುದು ಇಲ್ಲೇ.

ಮಧ್ಯದಲ್ಲಿ ಡೀಸೆಲ್ ಹೊಗೆ ಅಳೆಯಲೂ ಹೋದೆ. ಎಕ್ಸ್‌ರೇ ಮೈಯೊಳಗೆ ಕುಂದುವುದಕ್ಕೂ ಬೆಳಕು ಹೊಗೆಯಲ್ಲಿ ಕುಂದುವುದಕ್ಕೂ ಸೂತ್ರ ಒಂದೇ, ಡಯೋಡೂ ಇದೆ, ಯಾಕಾಗಬಾರದು ಅನ್ನಿಸಿತು. ಬಾಗಲೂರು ರಸ್ತೆಯ ಗ್ಯಾರೇಜಿನ ಅಣ್ಣನೊಬ್ಬನ ಹಳೆ ಟೆಂಪೋ ಸಿಕ್ಕಿತ್ತು. ಹತ್ತು ಸಲ ಆಕ್ಸಿಲರೇಟರ್ ಒತ್ತುವಷ್ಟರಲ್ಲಿ ಗಾಜಿನ ಮೇಲೆ ಮಸಿ ಕೂತು ಓದು ಏರುತ್ತಲೇ ಹೋಯಿತು. ಗಾಜಿನ ಮುಂದೆ ಶುದ್ಧ ಗಾಳಿ ಊದುವ ಏರ್ಪಾಟಿಲ್ಲದೆ ಅದು ಆಗದ ಕೆಲಸ. ಆ ಏರ್ಪಾಟು ಬೇರೆಯವರು ಚೆನ್ನಾಗಿ ಮಾಡಿದ್ದಾರೆ. ಬಿಟ್ಟೆ.

ದುಡ್ಡಿನ ಮಾತು. ಎರಡೂ ಸೇರಿ ಆರು ಲಕ್ಷದ ಹತ್ತಿರ ಹೋಗಿದೆ, ಅದರಲ್ಲಿ ಮುಕ್ಕಾಲು ಪಾಲು ಬೋರ್ಡು, ಲೆನ್ಸು, ಓಡಾಟ. ಪೇಟೆಂಟಿಗೆ ಲಕ್ಷಗಟ್ಟಲೆ ಬೇಕು ಅನ್ನುವ ಹೆದರಿಕೆ ಸುಮ್ನೆ. ಒಬ್ಬ ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಹಾಕಿದರೆ ಅರ್ಜಿಗೆ 1,600, ಪೇಟೆಂಟ್ ಕಚೇರಿ ಅದನ್ನು ಪರೀಕ್ಷಿಸುವುದಕ್ಕೆ 4,000 ರೂಪಾಯಿ. 30 ಪುಟ, 10 ಕ್ಲೈಮ್ (ಇದು ನನ್ನದು ಅಂತ ಹಕ್ಕು ಹೇಳುವ ಸಾಲು) ಒಳಗಿದ್ದರೆ ಹೆಚ್ಚುವರಿ ಇಲ್ಲ. ವಿವರಣೆ ನಾನೇ ಬರೆದೆ, ಕ್ಲೈಮ್ ತಿದ್ದಲು ಮಾತ್ರ ಏಜೆಂಟರನ್ನು ಹಿಡಿದೆ. ಆ ಹಣ ಉಳಿಸಬೇಡಿ. ಬ್ಯಾಂಕಿನಲ್ಲಿ ಸಾಲ ಕೇಳಿದ್ದಕ್ಕೆ "ಅಡಮಾನ ಏನಿದೆ" ಅಂದರು. ಕೊನೆಗೆ ತಳಿ ಅನ್ನುವ ಊರಿನಲ್ಲಿರುವ ಮಾವನವರ ಗುಲಾಬಿ ತೋಟದ ಆದಾಯ ಕೈ ಹಿಡಿಯಿತು.

ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿದ್ದೆ. ಪ್ರಾವಿಷನಲ್ (ತಾತ್ಕಾಲಿಕ) ಪೇಟೆಂಟ್ ಅರ್ಜಿ ಹಾಕುವವರೆಗೆ ಯಾರಿಗೂ ತೋರಿಸಲಿಲ್ಲ. ಡೆಮೋ ಕೊಡಿ ಅಂತ ಎಷ್ಟು ಕೇಳಿದರೂ ಇಲ್ಲ. ತೋರಿಸಿಬಿಟ್ಟರೆ ಹೊಸತನ ಹೋಯಿತು ಅಂತಲೇ ಲೆಕ್ಕ. ಪ್ರಾವಿಷನಲ್ ಹಾಕಿದ ಮೇಲೆ ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಆ ವರ್ಷದಲ್ಲೇ ವ್ಯಾನಿಗೂ ಲೈನಿಗೂ ಕೊಟ್ಟು ಓಡಿಸಿ ನೋಡಿದೆ.

ಪೇಟೆಂಟ್ ಕಚೇರಿಯ ಪರೀಕ್ಷಾ ವರದಿ ಬಂದಾಗ ಎಕ್ಸ್‌ರೇ ಹಲಗೆಗೆ ಪೇಟೆಂಟ್ ಕಾಯ್ದೆಯ 3(ಐ) ಕಲಮಿನ ಆಕ್ಷೇಪ. ರೋಗ ಪತ್ತೆಯ ವಿಧಾನಕ್ಕೆ ನಮ್ಮಲ್ಲಿ ಪೇಟೆಂಟ್ ಇಲ್ಲ. "ಮುಗೀತು ಬಿಡಿ" ಅಂದವರು ಬಹಳ. ಉತ್ತರಕ್ಕೆ ಆರು ತಿಂಗಳಿತ್ತು. ಹಲಗೆ ಕೆಲಸ ಮಾಡುವಾಗ ಮೇಜಿನ ಮೇಲೆ ಮನುಷ್ಯನೇ ಇರುವುದಿಲ್ಲ, ಇದು ಯಂತ್ರವನ್ನು ಪರೀಕ್ಷೆ ಮಾಡುವ ಸಾಧನ ಅಂತ ಬರೆದೆ. "ವಿಧಾನ" ಅಂತಿದ್ದ ಕ್ಲೈಮ್ ತೆಗೆದು ಎಲ್ಲವನ್ನೂ ಸಾಧನದ ಕ್ಲೈಮ್ ಮಾಡಿದೆವು. ಹೆಡ್‌ಲೈಟಿಗೆ ಹಳೆಯ ಕ್ಯಾಮೆರಾ ಪೇಟೆಂಟ್ ತೋರಿಸಿದರು. ವಿಡಿಯೋ ಹಿಯರಿಂಗ್‌ನಲ್ಲಿ ಆ 25 ಸುತ್ತು, 25 ಚಿತ್ರದ ಲೆಕ್ಕವನ್ನೇ ಹೇಳಿದೆ. ಚೆನ್ನೈ ಕಚೇರಿಯ ಅಧಿಕಾರಿ ಎರಡು ಪ್ರಶ್ನೆ ಕೇಳಿದರು, ಎರಡೂ ಸರಿಯಾದ ಪ್ರಶ್ನೆಗಳೇ.

ಈಗ ಎಕ್ಸ್‌ರೇ ಹಲಗೆ ಒಂದಕ್ಕೆ 38 ಸಾವಿರದ ಹತ್ತಿರ ತೆಗೆದುಕೊಳ್ಳುತ್ತೇನೆ, ಇಪ್ಪತ್ತರ ಆಸುಪಾಸು ಹೋಗಿವೆ. ಹೆಡ್‌ಲೈಟಿನದು ಎರಡು ಲೈನಿನಲ್ಲಿ ಓಡುತ್ತಿದೆ. ಹಾಕಿದ ದುಡ್ಡು ವಾಪಸ್ ಬಂದಿದೆ. ಮಾಡಿ ನೋಡುವವರು ಹಸಿರು ಸ್ಕ್ರೀನಿನಿಂದಲೇ ಶುರು ಮಾಡಿ, ಕೊಳ್ಳುವ ಮೊದಲು ಅಂಚಿನಲ್ಲಿ ಹಳದಿ ಕಲೆ ಇದೆಯಾ ನೋಡಿ. ಕಲೆ ಇದ್ದ ಕಡೆ ಹೊಳಪು ಕಡಿಮೆ, ಓದು ತಪ್ಪುತ್ತದೆ.