ಒಗ್ಗರಣೆ ಹಾಕುವ ಮನೆಗೆ ಎಂಥ ಹುಡ್, ಅಂದರೆ ಒಲೆ ಮೇಲಿನ ಚಿಮ್ನಿ, ಬೇಕು? (ಹೊಸಬರಿಗೆ ಮಾರ್ಗದರ್ಶಿ)

ಡಲ್ಲಾಸ್ ಕಡೆಗೆ ಹೊಸದಾಗಿ ಬಂದವರು ಮಕ್ಕಳ ಶಾಲೆ, ಡ್ರೈವಿಂಗ್ ಲೈಸೆನ್ಸ್ ವಿಚಾರ ಮುಗಿದ ಮೇಲೆ ನಮ್ಮ ಸಂಘದವರನ್ನು ಕೇಳುವ ಪ್ರಶ್ನೆ ಇದು: ಒಗ್ಗರಣೆ ಹಾಕಿದರೆ ಸಾಕು, ಸ್ಮೋಕ್ ಅಲಾರಂ ಹೊಡ್ಕೊಳ್ಳುತ್ತೆ, ಏನ್ ಮಾಡೋದು? ನಮಗೂ ಹಾಗೇ ಆಗಿತ್ತು. ಅರ್ವಿಂಗ್‌ನ ಅಪಾರ್ಟ್‌ಮೆಂಟಿಗೆ ಬಂದ ಎರಡನೇ ವಾರ ಸಾರಿನ ಪುಡಿಗೆ ಅಂತ ಬ್ಯಾಡಗಿ ಮೆಣಸಿನಕಾಯಿ ಹುರಿಯೋಕೆ ಕೂತೆವು. ಐದೇ ನಿಮಿಷ, ಮನೆಮಂದಿಯೆಲ್ಲ ಸೀನುತ್ತಾ ಕೆಮ್ಮುತ್ತಾ ಬಾಲ್ಕನಿಗೆ ಓಡಿದ್ದೇ ಓಡಿದ್ದು, ಒಳಗೆ ಒಲೆ ಮೇಲಿನ ಫ್ಯಾನ್ ಮಾತ್ರ ತನ್ನ ಪಾಡಿಗೆ ಭೋರ್ ಅಂತ ತಿರುಗುತ್ತಿತ್ತು.

ಯಾಕೆ ಅಂದರೆ, ಇಲ್ಲಿ ಬಹಳಷ್ಟು ಮನೆಗಳಲ್ಲಿ ಒಲೆ ಮೇಲೆ ಮೈಕ್ರೋವೇವ್ ಇರುತ್ತದೆ, ಅದರ ಹೊಟ್ಟೆಯಲ್ಲೇ ಒಂದು ಫ್ಯಾನ್. ಆ ಫ್ಯಾನ್ ಹೊಗೆಯನ್ನು ಕೆಳಗಿನಿಂದ ಎಳೆದು, ಇದ್ದಿಲಿನ ಫಿಲ್ಟರ್‌ನಲ್ಲಿ ಸ್ವಲ್ಪ ವಾಸನೆ ಕಳೆದು, ಮೇಲಿನ ಜಾಲರಿಯಿಂದ ವಾಪಸ್ ನಿಮ್ಮ ಮುಖಕ್ಕೇ ಬಿಡುತ್ತದೆ. ಘಾಟು, ಬಿಸಿ, ಹಬೆ ಎಲ್ಲ ಮನೆಯಲ್ಲೇ ಉಳಿಯುತ್ತದೆ. ಹಾಗಾಗಿ ಎಷ್ಟು ಪವರ್ ಅಂತ ಕೇಳೋಕೆ ಮುಂಚೆ ಗಾಳಿ ಮನೆಯಿಂದ ಹೊರಗೆ ಹೋಗುತ್ತಾ ಅಂತ ಕೇಳಿ. ಅಂಗಡಿಯಲ್ಲಿ 'ಡಕ್ಟ್‌ಲೆಸ್' (ಹೊರಗೆ ಹೋಗುವ ಪೈಪ್ ಇಲ್ಲದ್ದು) ಅಂತ ಬರೆದಿದ್ದರೆ ನಮ್ಮ ಅಡುಗೆಗೆ ಅದು ಬೇಡವೇ ಬೇಡ.

ನೋಡೋದು ಸುಲಭ. ಫ್ಯಾನ್ ಜೋರಾಗಿ ಹಾಕಿ ಮೈಕ್ರೋವೇವ್‌ನ ಮೇಲಿನ ಜಾಲರಿಗೆ ಕೈ ಹಿಡಿಯಿರಿ. ಗಾಳಿ ಕೈಗೆ ಹೊಡೆದರೆ ಅದು ಒಳಗೇ ಸುತ್ತುತ್ತಿದೆ. ಆಮೇಲೆ ಮೇಲಿನ ಕಪಾಟು ತೆಗೆದು ಅಲ್ಲಿ ತಗಡಿನ ಪೈಪ್ ಇದೆಯಾ ನೋಡಿ. ನಾವು ಮನೆ ಕೊಂಡ ಮೇಲೆ ಎರಡು ವರ್ಷ ಹೊಗೆ ಕುಡಿದು, ಒಂದು ದಿನ ಕಪಾಟು ತೆಗೆದು ನೋಡಿದರೆ ಛಾವಣಿವರೆಗೂ ಚೆನ್ನಾಗಿ ಪೈಪ್ ಇದೆ! ಕೂರಿಸಿದವರು ಬ್ಲೋವರ್‌ನ (ಗಾಳಿ ತಳ್ಳುವ ಫ್ಯಾನ್‌ನ) ಬಾಯಿಯನ್ನು ಪೈಪ್ ಕಡೆಗೆ ತಿರುಗಿಸದೆ ಮುಂದಕ್ಕೇ ಬಿಟ್ಟಿದ್ದರು, ಅಷ್ಟೇ. ಮೈಕ್ರೋವೇವ್ ಇಳಿಸಿ, ನಾಲ್ಕು ಸ್ಕ್ರೂ ಬಿಚ್ಚಿ ತಿರುಗಿಸಿದ್ದಕ್ಕೆ ಅರ್ಧ ಕಷ್ಟ ಕಳೆಯಿತು. ನಿಮ್ಮ ಮನೆಯಲ್ಲೂ ಮೊದಲು ಇದನ್ನು ನೋಡಿ, ದುಡ್ಡು ಆಮೇಲೆ ಖರ್ಚು ಮಾಡಿ.

ಬಾಡಿಗೆ ಮನೆಯಲ್ಲಿ ಇರುವವರು ಹುಡ್ ಬದಲಾಯಿಸೋಕೆ ಆಗಲ್ಲ, ಗೊತ್ತು. ಹಿಂದಿನ ಬರ್ನರ್‌ನಲ್ಲಿ ಒಗ್ಗರಣೆ ಹಾಕಿ, ಯಾಕೆಂದರೆ ಮೈಕ್ರೋವೇವ್‌ನ ಆಳ 15-16 ಇಂಚು, ಒಲೆಯದು 25ರ ಹತ್ತಿರ, ಮುಂದಿನ ಬರ್ನರ್‌ನ ಹೊಗೆ ಅದಕ್ಕೆ ಸಿಗುವುದೇ ಇಲ್ಲ. ಎಣ್ಣೆ ಕಾಯಿಸೋಕೆ ಮುಂಚೆಯೇ ಫ್ಯಾನ್ ಹಾಕಿ, ಒಂದು ಕಿಟಕಿ ನಾಲ್ಕು ಬೆರಳು ತೆಗೆದಿಡಿ (ಆಗಸ್ಟ್‌ನಲ್ಲಿ ಎಸಿ ಬಿಲ್ ನೆನೆದು ಸಂಕಟ ಆಗುತ್ತೆ, ಇರಲಿ). ಅಲಾರಂಗೆ ಪ್ಲಾಸ್ಟಿಕ್ ಕಟ್ಟೋದು, ಬ್ಯಾಟರಿ ಕೀಳೋದು ಮಾತ್ರ ಮಾಡಬೇಡಿ.

ಈಗ ಸ್ವಂತ ಮನೆಯವರಿಗೆ. ಇಲ್ಲಿ ಹುಡ್‌ನ ಶಕ್ತಿಯನ್ನು ಸಿಎಫ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಳೆಯುತ್ತೆ ಅಂತ. ಊರಲ್ಲಿ ಚಿಮ್ನಿಗೆ ಗಂಟೆಗೆ ಎಷ್ಟು ಘನ ಮೀಟರ್ ಅನ್ನೋದು ಲೆಕ್ಕ. ಬೆಂಗಳೂರಿನ ಮನೆಯಲ್ಲಿ 1200ರ ಚಿಮ್ನಿ ಇತ್ತು, ಇಲ್ಲಿ ಬರೀ 600 ಕೊಡ್ತಾರಲ್ಲ ಅಂತ ಗಾಬರಿ ಬೇಡ, ಆ 1200 ಇಲ್ಲಿನ ಲೆಕ್ಕದಲ್ಲಿ ಸುಮಾರು 700. ಊರಿಂದ ಚಿಮ್ನಿ ತರುವ ಯೋಚನೆಯೂ ಬೇಡ, ಅಲ್ಲಿ 230 ವೋಲ್ಟ್, ಇಲ್ಲಿ 120.

ಗ್ಯಾಸ್ ಒಲೆಗೆ ಇಲ್ಲಿನವರು ಹಾಕುವ ಅಂದಾಜು ಲೆಕ್ಕ: ಎಲ್ಲ ಬರ್ನರ್‌ಗಳ ಬಿಟಿಯು (ಬೆಂಕಿಯ ಶಾಖದ ಅಳತೆ) ಕೂಡಿಸಿ, ಪ್ರತಿ 10,000ಕ್ಕೆ 100 ಸಿಎಫ್‌ಎಂ. ಒಟ್ಟು 60,000 ಇದ್ದರೆ 600. ಕರೆಂಟ್ ಒಲೆಗೆ ಅಗಲದ ಪ್ರತಿ ಅಡಿಗೆ 100 ಸಾಕು ಅನ್ನುತ್ತಾರೆ, ಆದರೆ ಅದು ಪಾಸ್ತಾ ಬೇಯಿಸುವವರ ಲೆಕ್ಕ. ಜೋಳದ ರೊಟ್ಟಿ, ಮೀನು ಹುರಿಯೋದು, ವಾರಕ್ಕೊಮ್ಮೆ ಬಾಣಲೆ ತುಂಬ ಎಣ್ಣೆ, ಇದೆಲ್ಲ ಇರುವ ಮನೆಗೆ ನನ್ನ ಪ್ರಕಾರ 400ಕ್ಕಿಂತ ಕಡಿಮೆ ಬೇಡ, 600 ಇದ್ದರೆ ನಿಶ್ಚಿಂತೆ. 900, 1200 ಅಂತ ಹೋಗೋದು ಸುಮ್ನೆ.

ಪೆಟ್ಟಿಗೆ ಮೇಲಿನ ನಂಬರ್ ನೋಡಿ ಮೋಸ ಹೋಗುವವರೇ ಜಾಸ್ತಿ. 600ರ ಹುಡ್‌ಗೆ 8 ಇಂಚಿನ ಪೈಪ್ ಬೇಕು. ಗೋಡೆಯೊಳಗೆ ಇರುವ ಹಳೇ 6 ಇಂಚಿನ ಪೈಪ್‌ಗೇ ಸಿಕ್ಕಿಸಿದರೆ ಸದ್ದು ಹೆಚ್ಚುತ್ತೆ, ಎಳೆತ ಬಿದ್ದುಹೋಗುತ್ತೆ. ಪೈಪ್ ಒಳಗೆ ನುಣುಪಾದ ಗಟ್ಟಿ ತಗಡಿನದಿರಲಿ, ಸುಕ್ಕುಸುಕ್ಕಾದ ಬಗ್ಗುವ ಪೈಪ್‌ನಲ್ಲಿ ಜಿಡ್ಡು ಕೂರುತ್ತದೆ. ತಿರುವು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಅದು ಅಟ್ಟದಲ್ಲಿ ನಿಂತುಬಿಡಬಾರದು, ಛಾವಣಿ ಅಥವಾ ಗೋಡೆ ದಾಟಿ ಹೊರಗೇ ಹೋಗಬೇಕು.

ಹುಡ್ ಒಲೆಯಷ್ಟಾದರೂ ಅಗಲ ಇರಲಿ, ಎರಡೂ ಕಡೆ ಮೂರು ಇಂಚು ಜಾಸ್ತಿ ಇದ್ದರೆ ಇನ್ನೂ ಚೆನ್ನ. ಮುಂದಿನ ಬರ್ನರ್ ಮುಚ್ಚುವಷ್ಟು ಆಳ ಬೇಕು. ಎತ್ತರ ಒಲೆಯಿಂದ 24ರಿಂದ 30 ಇಂಚು, ಆದರೆ ಕಂಪನಿ ಪುಸ್ತಕದಲ್ಲಿ ಹೇಳಿದ್ದೇ ಕೊನೆ ಮಾತು. ಸದ್ದಿನ ಅಳತೆ ಸೋನ್. ಒಂದು ಸೋನ್ ಅಂದರೆ ಹೆಚ್ಚು ಸದ್ದು ಮಾಡದ ಫ್ರಿಜ್‌ನ ಸದ್ದಿನಷ್ಟು. ಇದನ್ನು ಯಾಕೆ ಹೇಳಿದೆ ಅಂದರೆ, ಮಾತು ಕೇಳಿಸದಷ್ಟು ಕಿರುಚುವ ಹುಡ್ ಅನ್ನು ಯಾರೂ ಆನ್ ಮಾಡೋದೇ ಇಲ್ಲ.

ಇನ್ನೊಂದು ಸಂಗತಿ ಬಿಲ್ಡರ್‌ಗಳು ತಾವಾಗಿ ಹೇಳಲ್ಲ. ಹೊಸ ಮನೆಗಳು ಗಾಳಿ ಆಡದಂತೆ ಬಿಗಿಯಾಗಿರುತ್ತವೆ. ದೊಡ್ಡ ಹುಡ್ ಗಾಳಿ ಎಳೆದಾಗ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಬೇಕು. ಬರದಿದ್ದರೆ ಮನೆಯೊಳಗಿನ ಗ್ಯಾಸ್ ವಾಟರ್ ಹೀಟರ್‌ನ ಹೊಗೆಯನ್ನೇ ಅದು ವಾಪಸ್ ಎಳೆಯಬಹುದು, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಇರುತ್ತದೆ. ಅದಕ್ಕೇ 400 ಸಿಎಫ್‌ಎಂ ದಾಟಿದರೆ ಹೊರಗಿನ ಗಾಳಿ ಬರೋಕೆ ಬೇರೆ ದಾರಿ ಇಡಬೇಕು ಅಂತ ಅನೇಕ ಊರುಗಳ ಕಟ್ಟಡ ನಿಯಮ ಕೇಳುತ್ತದೆ. ನಿಮ್ಮ ಸಿಟಿಯ ಪರ್ಮಿಟ್ ಆಫೀಸಿಗೆ ಒಂದು ಫೋನ್ ಮಾಡಿ. ಹೊಸ ಮನೆ ಕಟ್ಟಿಸುತ್ತಿದ್ದರೆ ಸಹಿ ಹಾಕೋಕೆ ಮುಂಚೆ 8 ಇಂಚಿನ ಪೈಪ್, ಹೊರಗೆ ಹೋಗುವ ಹುಡ್ ಎರಡನ್ನೂ ಬರವಣಿಗೆಯಲ್ಲಿ ಹಾಕಿಸಿ. ಗೋಡೆ ಮುಚ್ಚಿದ ಮೇಲೆ ಖರ್ಚು ಎಲ್ಲಿಗೋ ಹೋಗುತ್ತೆ.

ಗರಾಜಿನಲ್ಲಿ ಗ್ಯಾಸ್ ಬರ್ನರ್ ಇಟ್ಟು ಕರಿಯುವವರು ನಮ್ಮಲ್ಲಿ ಇದ್ದಾರೆ. ಬಾಗಿಲು ತೆಗೆದಿದ್ದರೂ ಅದು ಬೇಡ, ಆ ಕಾರ್ಬನ್ ಮಾನಾಕ್ಸೈಡ್ ವಾಸನೆಯೂ ಬರಲ್ಲ. ಸ್ವಂತ ಮನೆಯವರು ಹಿತ್ತಲಿನ ಪ್ಯಾಟಿಯೋದಲ್ಲಿ ಇಂಡಕ್ಷನ್ ಒಲೆ ಇಟ್ಟುಕೊಂಡರೆ ಮೆಣಸಿನಕಾಯಿ ಹುರಿಯೋದು, ಹಪ್ಪಳ ಸಂಡಿಗೆ ಕರಿಯೋದು ಎಲ್ಲ ಅಲ್ಲೇ ಆಗುತ್ತದೆ.

ಫಿಲ್ಟರ್ ವಿಷಯಕ್ಕೆ ಬಂದರೆ, ಸ್ಟೀಲಿನ ಬ್ಯಾಫಲ್ ಫಿಲ್ಟರೇ (ಜಾಲರಿ ಬದಲು ಬಾಗಿದ ತಗಡಿನ ಪಟ್ಟಿಗಳಿರುವುದು) ತೊಗೊಳ್ಳಿ. ಅಲ್ಯುಮಿನಿಯಂ ಜಾಲರಿ ಬೇಗ ಜಿಡ್ಡು ಕಟ್ಟುತ್ತದೆ, ಡಿಶ್‌ವಾಶರ್‌ನಲ್ಲಿ ಹಾಕಿದರೆ ಕಪ್ಪಾಗುತ್ತದೆ. ನಮ್ಮ ಮನೆಯಲ್ಲಿ ಎರಡು ವಾರಕ್ಕೊಮ್ಮೆ ಭಾನುವಾರ ಫಿಲ್ಟರ್ ಡಿಶ್‌ವಾಶರ್‌ಗೆ ಹೋಗುತ್ತದೆ, ಪಾತ್ರೆಗಳ ಜೊತೆ ಅಲ್ಲ, ಅದೊಂದೇ.