ತಿಮಿಂಗಿಲ ಕೂಗಲಿಲ್ಲ: ‘ಸೌಂಡ್’ ಪದದ ಬೆನ್ನು ಹತ್ತಿದ ನನ್ನ ಅನುಭವ

ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಲು ಶುರು ಮಾಡಿ 16 ವರ್ಷ ಆಯಿತು. ಮಕ್ಕಳ ವಿಜ್ಞಾನದ ಪುಸ್ತಕ, ಉಯಿಲು, ಕರಾರು ಪತ್ರ, ಪಂಪ್‌ಸೆಟ್ಟಿನ ಕೈಪಿಡಿ, ಏನು ಬಂದರೂ ಮಾಡುತ್ತೇನೆ. ಕಷ್ಟದ ಪದಗಳಿಂದ ನನಗೆ ತೊಂದರೆ ಆಗಿದ್ದು ಕಡಿಮೆ. ಗೊತ್ತಿಲ್ಲದ ಪದ ಬಂದರೆ ನಿಘಂಟು ತೆಗೆಯುತ್ತೇವೆ, ಅಲ್ವಾ? ಗೊತ್ತಿರುವ ಪದ ಬಂದಾಗ ಯಾರೂ ತೆಗೆಯುವುದಿಲ್ಲ. ನಾನು ಎಡವಿದ್ದು ಅಲ್ಲೇ.

ಮೊದಮೊದಲು ತಿಮಿಂಗಿಲಗಳ ಬಗ್ಗೆ ಮಕ್ಕಳಿಗಾಗಿ ಬರೆದ ಒಂದು ಪುಟ್ಟ ಪುಸ್ತಕ ನನ್ನ ಕೈಗೆ ಬಂತು. ಅದರಲ್ಲಿ ‘ದ ವೇಲ್ ಸೌಂಡೆಡ್’ ಎಂಬ ವಾಕ್ಯ ಇತ್ತು. ತಿಮಿಂಗಿಲಗಳು ಹಾಡುತ್ತವೆ ಎಂದು ಹಿಂದಿನ ಪುಟದಲ್ಲೇ ಓದಿದ್ದೆ. ಹಾಗಾಗಿ ‘ತಿಮಿಂಗಿಲ ಕೂಗಿತು’ ಎಂದು ಬರೆದು ಮುಂದೆ ಹೋದೆ. ಪುಸ್ತಕ ಅಚ್ಚಾಯಿತು.

ನಮ್ಮ ದೊಡ್ಡಪ್ಪ ಕುಂದಾಪುರದ ಕಡೆ ಇರುವವರು. ಜೀವಮಾನ ಎಲ್ಲಾ ಸರಕು ಹಡಗಿನಲ್ಲಿ ದುಡಿದು ನಿವೃತ್ತರಾದವರು. ಮೊಮ್ಮಗಳಿಗೆ ಆ ಪುಸ್ತಕ ಓದಿ ಹೇಳುತ್ತಿದ್ದವರು ನಡುವೆ ನಿಲ್ಲಿಸಿ ನನಗೆ ಫೋನ್ ಮಾಡಿದರು. “ಮಗಾ, ಮುಂದಿನ ಸಾಲಿನಲ್ಲಿ ಅರ್ಧ ಗಂಟೆ ಬಿಟ್ಟು ಅದು ಮೇಲೆ ಬಂತು ಅಂತ ಉಂಟು. ಹಾಗಾದ್ರೆ ಕೆಳಗೆ ಹೋದದ್ದು ಯಾವಾಗ?” ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. “ತಿಮಿಂಗಿಲ ಸೌಂಡ್ ಆಯ್ತು ಅಂದ್ರೆ ಆಳಕ್ಕೆ ಮುಳುಗಿತು ಅಂತ. ಹಡಗಿನವರ ಮಾತು ಅದು” ಎಂದರು.

ಆ ರಾತ್ರಿ ದೊಡ್ಡ ನಿಘಂಟು ತೆಗೆದು ಕೂತೆ. ಅಲ್ಲಿ ಎಸ್, ಓ, ಯು, ಎನ್, ಡಿ ಎಂಬ ಒಂದೇ ಕಾಗುಣಿತ ನಾಲ್ಕು ಬೇರೆ ಬೇರೆ ನಮೂದುಗಳಾಗಿ ನಿಂತಿತ್ತು. ಪ್ರತಿಯೊಂದರ ತಲೆಯ ಪಕ್ಕ ಒಂದು ಸಣ್ಣ ಅಂಕಿ. ಅಷ್ಟು ದಿನ ಆ ಅಂಕಿಯನ್ನು ನಾನು ಗಮನಿಸಿಯೇ ಇರಲಿಲ್ಲ. ಒಂದು ಪದಕ್ಕೆ ನಾಲ್ಕು ಅರ್ಥ ಅಂತ ಅದು ಹೇಳುತ್ತಿಲ್ಲ. ಇವು ನಾಲ್ಕು ಪದಗಳು, ಬೇರೆ ಬೇರೆ ಮನೆಗಳಿಂದ ಬಂದು ಒಂದೇ ಅಂಗಿ ತೊಟ್ಟಿವೆ ಎಂದು ಹೇಳುತ್ತಿದೆ.

ಇದರಲ್ಲಿ ಎರಡನ್ನು ನಾವು ಕನ್ನಡದಲ್ಲೇ ದಿನಾ ಆಡುತ್ತೇವೆ. ‘ಟೀವಿ ಸೌಂಡ್ ಕಮ್ಮಿ ಮಾಡು’ ಎನ್ನುತ್ತೇವೆ. ‘ಆ ಪಾರ್ಟಿ ಸೌಂಡ್ ಆಗಿದೆ’ ಎಂದೂ ಎನ್ನುತ್ತೇವೆ. ಮೊದಲನೆಯದು ಸದ್ದು, ಎರಡನೆಯದು ದುಡ್ಡಿರುವ ಕುಳ. ಇವೆರಡಕ್ಕೂ ಹುಟ್ಟಿನಲ್ಲಿ ಯಾವ ನಂಟೂ ಇಲ್ಲ.

ಸದ್ದಿನ ಸೌಂಡ್ ಲ್ಯಾಟಿನ್ನಿನ ‘ಸೋನುಸ್’ ಎಂಬ ಪದದಿಂದ ಹೊರಟು, ಫ್ರೆಂಚಿನ ಮೂಲಕ ಇಂಗ್ಲೆಂಡಿಗೆ ಬಂತು. ಬಂದಾಗ ಅದರ ಕೊನೆಯಲ್ಲಿ ‘ಡ್’ ಇರಲಿಲ್ಲ. ಜನರ ಬಾಯಲ್ಲಿ ‘ನ್’ ಆದ ಮೇಲೆ ‘ಡ್’ ತಾನಾಗಿ ಸೇರಿಕೊಂಡು, 15ನೇ ಶತಮಾನದ ಹೊತ್ತಿಗೆ ಬರಹದಲ್ಲೂ ಕಾಣಿಸಿತು. ಗುಡುಗಿನ ‘ಥಂಡರ್’ ಪದಕ್ಕೂ ಹಾಗೆಯೇ ನಡುವೆ ಒಂದು ‘ಡ್’ ಬಂದಿದೆ. ನನಗೆ ತುಂಬಾ ಖುಷಿ ಕೊಟ್ಟ ವಿಷಯ ಇನ್ನೊಂದು. ಈ ‘ಸೋನುಸ್’ ನಮ್ಮ ಕಾವ್ಯಗಳಲ್ಲಿ ಬರುವ ಸಂಸ್ಕೃತದ ‘ಸ್ವನ’ಕ್ಕೆ ದಾಯಾದಿ. ಎರಡೂ ಒಂದೇ ಹಳೆಯ ಬೇರಿನ ಚಿಗುರು.

ಎರಡನೆಯ ಸೌಂಡ್ ಹಳೆಯ ಇಂಗ್ಲಿಷಿನ ‘ಗೆಸುಂಡ್’. ಆರೋಗ್ಯವಾಗಿರುವ, ಊನ ಇಲ್ಲದ ಎಂದು ಅರ್ಥ. ಜರ್ಮನ್ನರು ಇಂದಿಗೂ ಆರೋಗ್ಯವಂತರನ್ನು ‘ಗೆಸುಂಡ್’ ಎನ್ನುತ್ತಾರೆ. ಯಾರಾದರೂ ಸೀನಿದರೆ ‘ಗೆಸುಂಡ್‌ಹೈಟ್’ ಎನ್ನುತ್ತಾರೆ. ನಮ್ಮಲ್ಲಿ ಮಗು ಸೀನಿದಾಗ ಅಜ್ಜಿ ‘ಚಿರಂಜೀವಿ’ ಅನ್ನುತ್ತಾಳಲ್ಲ, ಹಾಗೆ. ‘ಸೇಫ್ ಆ್ಯಂಡ್ ಸೌಂಡ್’ ಎಂಬಲ್ಲಿ ಇರುವುದು ಈ ಪದವೇ.

ಅನುವಾದಕರಿಗೆ ಜಾಸ್ತಿ ಕೆಲಸ ಕೊಡುವುದೂ ಇದೇ. ಕನ್ನಡದಲ್ಲಿ ಇದಕ್ಕೆ ಒಂದೇ ಪದ ಹಿಡಿದು ಕೂತರೆ ಆಗುವುದಿಲ್ಲ. ನಿದ್ದೆಯ ಮುಂದೆ ಬಂದರೆ ‘ಗಾಢ’ ಅಥವಾ ‘ಗಡದ್ದು’. ಸಲಹೆಯ ಮುಂದೆ ಬಂದರೆ ‘ತೂಕದ ಮಾತು’. ಮರದ ದಿಮ್ಮಿಗೆ ‘ಗಟ್ಟಿ’. ಹೊಡೆತಕ್ಕೆ ಸೇರಿದರೆ ‘ಚೆನ್ನಾಗಿ ಬಾರಿಸಿದರು’. ಕಾನೂನಿನ ಕಾಗದಕ್ಕೆ ಬಂದರೆ ಮಾತ್ರ ನಾನು ಕೈ ಬಿಗಿ ಹಿಡಿಯುತ್ತೇನೆ. ಉಯಿಲು ಬರೆಯುವವರು ‘ಸೌಂಡ್ ಮೈಂಡ್’ ಉಳ್ಳವರಾಗಿರಬೇಕು ಎಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 59ನೇ ಕಲಮು ಹೇಳುತ್ತದೆ. ನಮ್ಮ ಪತ್ರ ಬರಹಗಾರರು ಇದಕ್ಕೆ ‘ಸ್ವಸ್ಥಚಿತ್ತ’ ಎಂದು ಬರೆಯುತ್ತಾ ಬಂದಿದ್ದಾರೆ. ಅಲ್ಲಿ ‘ಒಳ್ಳೆಯ ಮನಸ್ಸು’ ಎಂದು ಸರಳ ಮಾಡಲು ಹೋದರೆ ಅರ್ಥವೇ ಕೆಡುತ್ತದೆ. ಒಳ್ಳೆಯ ಮನಸ್ಸು ಇಲ್ಲದವರೂ ಉಯಿಲು ಬರೆಯಬಹುದು. ಬುದ್ಧಿ ಸ್ಥಿಮಿತದಲ್ಲಿದ್ದರೆ ಸಾಕು.

ಮೂರನೆಯದು ಸಮುದ್ರದ್ದು. ಎರಡು ನೆಲಗಳ ನಡುವೆ ಹಾಯುವ ಅಗಲ ಕಿರಿದಾದ ನೀರಿನ ಪಟ್ಟಿಗೆ ಸೌಂಡ್ ಎನ್ನುತ್ತಾರೆ. ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಲ್ಲಿ ‘ಸುಂಡ್’ ಎಂದರೆ ಈಜು, ಜಲಸಂಧಿ ಎರಡೂ ಹೌದು. ಇಂಗ್ಲಿಷಿನ ‘ಸ್ವಿಮ್’ ಇದರ ಬಂಧು. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಓರೆಸುಂಡ್‌ನಲ್ಲಿ ಆ ಹಳೆಯ ಪದ ಹಾಗೇ ಕೂತಿದೆ. ಅಲ್ಲಿ ಹಾಯುವ ಹಡಗುಗಳಿಂದ ಡೆನ್ಮಾರ್ಕಿನ ದೊರೆಗಳು 1429ರಿಂದ 1857ರವರೆಗೆ ಸುಂಕ ವಸೂಲಿ ಮಾಡಿದರು. ಆ ಸುಂಕದ ಬಗ್ಗೆ ಒಂದು ಲೇಖನ ಅನುವಾದ ಮಾಡುವಾಗ ‘ಸೌಂಡ್ ಡ್ಯೂಸ್’ ಎಂಬುದನ್ನು ನೋಡಿ ನಾನು ಗಾಬರಿಯಾಗಲಿಲ್ಲ. ತಿಮಿಂಗಿಲ ಪಾಠ ಕಲಿಸಿತ್ತು.

ಅಮೆರಿಕದ ಸಿಯಾಟಲ್ ಇರುವುದು ಪ್ಯೂಜೆಟ್ ಸೌಂಡ್ ದಡದಲ್ಲಿ. ಅಲ್ಲಿ ನೆಲೆಸಿದ ಕನ್ನಡದವರು ಬಹಳ. ನನ್ನ ತಂಗಿ ಅಲ್ಲಿಗೆ ಹೋದ ಹೊಸತರಲ್ಲಿ ರೈಲು ನಡೆಸುವ ಸಂಸ್ಥೆಯ ಹೆಸರು ‘ಸೌಂಡ್ ಟ್ರಾನ್ಸಿಟ್’ ಎಂದು ನೋಡಿ, “ಅಕ್ಕ, ರೈಲು ಅಷ್ಟೇನೂ ಸದ್ದು ಮಾಡಲ್ಲ, ಈ ಹೆಸರು ಯಾಕೆ?” ಎಂದು ಕೇಳಿದ್ದಳು. ಅವಳ ಕಿಟಕಿಯಿಂದ ಕಾಣುವ ನೀರೇ ಆ ಸೌಂಡ್ ಎಂದು ಹೇಳಿದೆ.

ಇನ್ನು ನಾಲ್ಕನೆಯದು, ನನ್ನ ತಿಮಿಂಗಿಲದ ಸೌಂಡ್. ಫ್ರೆಂಚಿನ ‘ಸೋಂಡೆ’, ಅಂದರೆ ನೀರಿನ ಆಳ ನೋಡುವುದು. ಆಳ ನೋಡುವ ಹಗ್ಗದ ಬಗ್ಗೆ ದೊಡ್ಡಪ್ಪನನ್ನು ಕೇಳಿದಾಗ ಅವರು ಒಂದು ಮಧ್ಯಾಹ್ನ ಪೂರ್ತಿ ಹೇಳಿದರು. ಹಗ್ಗದ ತುದಿಗೆ ಸೀಸದ ಗುಂಡು. ಗುಂಡಿನ ತಳದಲ್ಲಿ ಒಂದು ಕುಳಿ. ಆ ಕುಳಿಗೆ ಪ್ರಾಣಿಯ ಕೊಬ್ಬು ಮೆತ್ತುತ್ತಿದ್ದರು. ಗುಂಡು ತಳ ಮುಟ್ಟಿದಾಗ ಅಲ್ಲಿನ ಮರಳೋ ಕೆಸರೋ ಚಿಪ್ಪೋ ಕೊಬ್ಬಿಗೆ ಅಂಟಿ ಮೇಲೆ ಬರುತ್ತಿತ್ತು. ಆಳವೂ ಗೊತ್ತಾಯಿತು, ತಳ ಎಂಥದ್ದು ಅಂತಲೂ ಗೊತ್ತಾಯಿತು. ಹಗ್ಗಕ್ಕೆ ಅಲ್ಲಲ್ಲಿ ತೊಗಲು, ಬಟ್ಟೆಯ ಚೂರು ಕಟ್ಟುತ್ತಿದ್ದರು. ಕತ್ತಲಲ್ಲೂ ಕೈಯಲ್ಲಿ ಮುಟ್ಟಿ ಎಷ್ಟು ಆಳ ಎಂದು ಹೇಳಬಹುದಿತ್ತು.

ಆ ಲೆಕ್ಕ ‘ಫ್ಯಾದಮ್’ನಲ್ಲಿ. ಒಂದು ಫ್ಯಾದಮ್ ಎಂದರೆ ಆರು ಅಡಿ. ಪದದ ಹಳೆಯ ಅರ್ಥ ಚಾಚಿದ ಎರಡು ತೋಳು. ಇದನ್ನು ಓದಿದಾಗ ನನಗೆ ಮೈ ಜುಂ ಎಂದಿತು. ನಮ್ಮ ಹೂವಿನ ಅಂಗಡಿಯಾಕೆ ಎರಡೂ ಕೈ ಚಾಚಿ ಅಳೆದು ಕೊಡುವ ‘ಮಾರು’ ಇದೇ ಅಲ್ವಾ! ಅಂದಿನಿಂದ ಮಕ್ಕಳ ಪುಸ್ತಕದಲ್ಲಿ ಫ್ಯಾದಮ್ ಬಂದರೆ ನಾನು ಧೈರ್ಯವಾಗಿ ‘ಮಾರು’ ಎಂದೇ ಬರೆಯುತ್ತೇನೆ. ಯಾರನ್ನಾದರೂ ‘ಸೌಂಡ್ ಔಟ್’ ಮಾಡು ಎಂದರೆ ‘ಅವರ ಆಳ ನೋಡು’ ಎಂದು ಬರೆಯುತ್ತೇನೆ. ಅದೂ ಹಗ್ಗ ಬಿಟ್ಟು ಆಳ ನೋಡಿದ ಮಾತೇ.

ಈಗಿನ ಹಡಗು ದೋಣಿಗಳಲ್ಲಿ ಹಗ್ಗದ ಜಾಗದಲ್ಲಿ ‘ಎಕೋ ಸೌಂಡರ್’ ಇದೆ. ಅದು ಸದ್ದನ್ನು ತಳಕ್ಕೆ ಕಳಿಸಿ, ಮರಳಿ ಬರಲು ಹಿಡಿದ ಸಮಯದಿಂದ ಆಳ ಹೇಳುತ್ತದೆ. ಹುಟ್ಟಿನಲ್ಲಿ ಸಂಬಂಧವೇ ಇಲ್ಲದ ಮೊದಲನೆಯ ಸೌಂಡ್ ಮತ್ತು ನಾಲ್ಕನೆಯ ಸೌಂಡ್ ಒಂದೇ ಯಂತ್ರದಲ್ಲಿ ಜೊತೆಯಾದವು.

ಇಂಗ್ಲಿಷ್ ಮಾತ್ರ ಹೀಗೆ ಎಂದು ಯಾರೂ ತಿಳಿಯಬೇಡಿ. ‘ಬಾಳು’ ಎಂದರೆ ಬದುಕು. ಹಳೆಯ ಕಾವ್ಯದಲ್ಲಿ ‘ಬಾಳ್’ ಎಂದರೆ ಕತ್ತಿಯೂ ಹೌದು. ಬದುಕಿನ ಬಾಳಿಗೆ ಹಿಂದೆ ೞ ಅಕ್ಷರ ಇತ್ತು, ಕತ್ತಿಗೆ ಳ. ೞ ಬಿದ್ದುಹೋದ ಮೇಲೆ ಎರಡೂ ಒಂದಾದವು. ತಮಿಳಿನಲ್ಲಿ ಈಗಲೂ ಅವು ಬೇರೆ ಬೇರೆ. ತಿಳಿಯುವ ‘ಅರಿ’ಗೆ ಹಳೆಯ ಱ ಇತ್ತು, ಕತ್ತರಿಸುವ ‘ಅರಿ’ಗೆ ಬರೀ ರ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಈ ಹಳೆಯ ಅಕ್ಷರಗಳು ಸಿಗುತ್ತವೆ. ಅದಕ್ಕೇ ಅದು ನನ್ನ ಮೇಜಿನಿಂದ ಇಳಿಯುವುದಿಲ್ಲ.

ನಾನು ಈಗ ಮಾಡುವುದು ಇಷ್ಟು. ಸಣ್ಣ, ಪರಿಚಯದ ಪದ ವಾಕ್ಯದಲ್ಲಿ ಸ್ವಲ್ಪ ಅಡ್ಡ ಕೂತ ಹಾಗೆ ಕಂಡರೂ ನಿಲ್ಲುತ್ತೇನೆ. ಮುಂದಿನ ಎರಡು ಸಾಲು ಓದುತ್ತೇನೆ. ಆಮೇಲೆ ನಿಘಂಟಿನಲ್ಲಿ ಅರ್ಥಕ್ಕಿಂತ ಮೊದಲು ಹುಟ್ಟಿನ ವಿವರ ನೋಡುತ್ತೇನೆ. ಯಾವ ಮನೆಯ ಪದ ಅಂತ ಗೊತ್ತಾದರೆ ಅರ್ಥ ಹಿಡಿಯುವುದು ಸುಲಭ. ಒಂದು ನೋಟ್‌ಬುಕ್ಕಿನಲ್ಲಿ ಪದಕ್ಕೊಂದು ಪುಟ ಇಟ್ಟಿದ್ದೇನೆ. ಸಿಕ್ಕ ವಾಕ್ಯ, ನಾನು ಕೊಟ್ಟ ಕನ್ನಡ, ಆಮೇಲೆ ಹೊಳೆದ ಇನ್ನೂ ಒಳ್ಳೆಯ ಕನ್ನಡ, ಎಲ್ಲ ಅಲ್ಲೇ ಬರೆಯುತ್ತೇನೆ.

ಸೌಂಡ್ ಪುಟದಲ್ಲಿ ಒಂದು ಸಾಲು ಇನ್ನೂ ಖಾಲಿ ಇದೆ. 1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬ ಊರಿನಿಂದ, ನಮ್ಮ ನೆಲದಿಂದ ಮೊದಲ ಸಲ, ಒಂದು ‘ಸೌಂಡಿಂಗ್ ರಾಕೆಟ್’ ಹಾರಿತು. ಮೇಲಿನ ವಾತಾವರಣವನ್ನು ಅಳೆಯುವ ರಾಕೆಟ್ ಅದು. ಹಡಗಿನವರು ಕೆಳಗೆ ಬಿಟ್ಟ ಹಗ್ಗವನ್ನು ಇವರು ಮೇಲಕ್ಕೆ ಬಿಟ್ಟ ಹಾಗೆ. ‘ಶಬ್ದ ರಾಕೆಟ್’ ಎಂದರೆ ತಪ್ಪು. ‘ಶೋಧ ರಾಕೆಟ್’ ಎಂದು ಸದ್ಯಕ್ಕೆ ಬಳಸುತ್ತಿದ್ದೇನೆ, ಮನಸ್ಸಿಗೆ ಒಪ್ಪಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಯ ಆಳ ನೋಡುವುದಕ್ಕೆ ನಿಮ್ಮ ಊರಿನಲ್ಲಿ ಬೇರೆ ಮಾತು ಇದ್ದರೆ ದಯವಿಟ್ಟು ತಿಳಿಸಿ.