ಆಪ್ಟಿಮೈಸೇಷನ್ ಹಾಕಿದ ಕೂಡಲೇ ಕೆಡುವ ಕೋಡ್: ತಪ್ಪು ಹಿಡಿಯುವುದು ಹೇಗೆ

ಕಲಬುರಗಿಯ ದಾಲ್ ಮಿಲ್‌ನಲ್ಲಿ ಬೆಲ್ಟಿನ ಮೇಲೆ ಹೋಗುವ ತೊಗರಿಬೇಳೆ ಚೀಲ ಎಣಿಸಲು ಅಟ್‌ಮೆಗಾ328ಪಿ ಚಿಪ್ ಕೂರಿಸಿದ್ದೀರಿ ಎಂದುಕೊಳ್ಳಿ. ಸೆನ್ಸರ್ ಮುಂದೆ ಚೀಲ ಬಂದಾಗಲೆಲ್ಲ ಇಂಟರಪ್ಟ್ (ನಡೆಯುತ್ತಿರುವ ಕೋಡನ್ನು ತಡೆದು ನಡುವೆ ಓಡುವ ಚಿಕ್ಕ ಕೋಡ್) ಎಣಿಕೆಯನ್ನು ಒಂದು ಏರಿಸುತ್ತದೆ. ಎಣಿಕೆ ಬದಲಾಗುವವರೆಗೆ ಮುಖ್ಯ ಕೋಡ್ ಖಾಲಿ ವೈಲ್ ಲೂಪಿನಲ್ಲಿ ಕಾಯುತ್ತದೆ. ಕೋಡನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರಿಗೆ ಓ-0, ಅಂದರೆ ಆಪ್ಟಿಮೈಸೇಷನ್ (ಕೋಡನ್ನು ಚುರುಕು ಇಲ್ಲವೇ ಚಿಕ್ಕದು ಮಾಡುವುದು) ಬೇಡವೆಂಬ ಆಯ್ಕೆ ಇಟ್ಟು ಬಿಲ್ಡ್ ಮಾಡಿದರೆ ಓಡುತ್ತದೆ. ಈ ಚಿಪ್ಪಿಗೆ ಕೋಡ್ ಬರೆಯುವ ಆರ್ಡುಯಿನೊ ತಂತ್ರಾಂಶ ತಾನಾಗಿ ಹಾಕುವ, ಕೋಡ್ ಚಿಕ್ಕದಾಗಿಸುವ ಆಯ್ಕೆಯಾದ ಓ-ಎಸ್‌ನಲ್ಲಿ ಡಿಸ್‌ಪ್ಲೇ ಸೊನ್ನೆಯಲ್ಲೇ ನಿಲ್ಲುತ್ತದೆ.

ಕಂಪೈಲರನ್ನು ಬೈಯಬೇಡಿ. ಇಂಟರಪ್ಟ್ ನಡುವೆ ಬಂದು ಬೆಲೆ ಬದಲಿಸುತ್ತದೆಂದು ಅದಕ್ಕೆ ಯಾರೂ ಹೇಳಿಲ್ಲ. ಹಾಗಾಗಿ ಎಣಿಕೆಯನ್ನು ಒಮ್ಮೆ ರಿಜಿಸ್ಟರಿಗೆ (ಚಿಪ್ಪಿನೊಳಗಿನ ತಾತ್ಕಾಲಿಕ ಜಾಗಕ್ಕೆ) ತಂದುಕೊಂಡು ಅದನ್ನೇ ಮತ್ತೆ ಮತ್ತೆ ಹೋಲಿಸುತ್ತದೆ. ಆಬ್ಜ್‌ಡಂಪ್ (ಬಿಲ್ಡ್ ಆದ ಕೋಡಿನ ಸೂಚನೆಗಳನ್ನು ತೋರಿಸುವ ಸಾಧನ) ಹಾಕಿ ನೋಡಿ: ಮೆಮೊರಿಯಿಂದ ಓದುವ ಎಲ್‌ಡಿಎಸ್ ಸೂಚನೆ ಲೂಪಿನ ಹೊರಗೇ ಉಳಿದಿರುತ್ತದೆ. ಚರದ ಘೋಷಣೆಗೆ ವೊಲಟೈಲ್ (ಪ್ರತಿ ಸಲವೂ ಮೆಮೊರಿಯಿಂದಲೇ ಓದು ಎಂಬ ಪದ) ಸೇರಿಸಿದರೆ ಆ ಸೂಚನೆ ಒಳಗೆ ಬರುತ್ತದೆ.

ಅಷ್ಟಕ್ಕೇ ಕೆಲಸ ಮುಗಿಯಿತೆಂದು ಬೋರ್ಡ್ ಮುಚ್ಚಬೇಡಿ. ಈ ಚಿಪ್ 8 ಬಿಟ್‌ನದು. 16 ಬಿಟ್ ಎಣಿಕೆಯನ್ನು ಒಂದೊಂದು ಬೈಟಿನಂತೆ ಎರಡು ಸಲ ಓದುತ್ತದೆ. ಎಣಿಕೆ 255 ಇದ್ದಾಗ ಕೆಳಗಿನ ಬೈಟ್ 255 ಎಂದು ಓದಿತು. ಅಷ್ಟರಲ್ಲಿ ಇಂಟರಪ್ಟ್ ಬಂದು ಎಣಿಕೆ 256 ಆಯಿತು. ಈಗ ಮೇಲಿನ ಬೈಟ್ 1. ಎರಡೂ ಸೇರಿ 511! ಅದೇ ಕ್ಷಣ ಈಪ್ರಾಮ್‌ಗೆ (ವಿದ್ಯುತ್ ಹೋದರೂ ಉಳಿಯುವ ಮೆಮೊರಿಗೆ) ಬರೆದರೆ ಆ ಸುಳ್ಳು ಲೆಕ್ಕವೇ ಉಳಿಯುತ್ತದೆ. ಈ ಚಿಪ್ಪಿನ ಸಿ ಲೈಬ್ರರಿಯಾದ ಏವಿಆರ್ ಲಿಬ್‌ಸಿಯಲ್ಲಿ ಇಂಟರಪ್ಟನ್ನು ತಡೆದಿಡುವ ಅಟಾಮಿಕ್ ಬ್ಲಾಕ್ ಇದೆ; ಅದರ ಒಳಗೆ ಎಣಿಕೆಯನ್ನು ಬೇರೆ ಚರಕ್ಕೆ ನಕಲಿಸಿಕೊಳ್ಳಿ, ಅಷ್ಟೇ ಮಾಡಿ. ಡಿಸ್‌ಪ್ಲೇ ಕೆಲಸ ಹೊರಗಿರಲಿ, ಇಲ್ಲದಿದ್ದರೆ ಇಂಟರಪ್ಟ್ ತಡವಾಗುತ್ತದೆ.

ಓ-0 ಇಟ್ಟೇ ಮಿಲ್‌ಗೆ ಕೊಡುವುದು ಪರಿಹಾರವಲ್ಲ. ಡಿಲೇ-ಎಂಎಸ್ ಎಂಬ, ಮಿಲಿಸೆಕೆಂಡ್ ಲೆಕ್ಕದಲ್ಲಿ ಕಾಯುವ ಫಂಕ್ಷನ್ನಿಗೆ ಆಪ್ಟಿಮೈಸೇಷನ್ ಬೇಕೇ ಬೇಕು. ಇಲ್ಲದಿದ್ದರೆ ಕಾಯುವ ಸಮಯವೇ ತಪ್ಪುತ್ತದೆ. ಕೈಯಿಂದ ಬರೆದ ಖಾಲಿ ಫಾರ್ ಲೂಪ್ ಡಿಲೇ ಮಾತ್ರ ಇದಕ್ಕೆ ತಿರುಗುಮುರುಗು, ಆಪ್ಟಿಮೈಸರ್ ಅದನ್ನು ಅಳಿಸಿಹಾಕುತ್ತದೆ.

ಕೋಡ್ ದೊಡ್ಡದಿದ್ದು ತಪ್ಪು ಎಲ್ಲಿದೆ ಎಂದು ಗೊತ್ತಾಗದಿದ್ದರೆ ಅರ್ಧ ಫೈಲುಗಳನ್ನು ಓ-0, ಉಳಿದರ್ಧ ಓ-2 (ವೇಗಕ್ಕಾಗಿ ಆಪ್ಟಿಮೈಸೇಷನ್) ಇಟ್ಟು ಬಿಲ್ಡ್ ಮಾಡಿ. ಕೆಟ್ಟ ಅರ್ಧವನ್ನು ಮತ್ತೆ ಒಡೆಯುತ್ತ ಒಂದೇ ಫೈಲಿಗೆ ಬನ್ನಿ. ಅಲ್ಲಿ ಮೂರು ಜಾಗ ನೋಡಿ. ಮೊದಲ ಬೆಲೆ ಕೊಡದ ಚರ. ಒಂದು ಬಗೆಯ ಪಾಯಿಂಟರನ್ನು ಇನ್ನೊಂದಕ್ಕೆ ಕ್ಯಾಸ್ಟ್ ಮಾಡಿ ಓದಿದ್ದು. ಅಲ್ಲಿ ಮೆಮ್‌ಕಾಪಿ (ಬೈಟುಗಳನ್ನು ನಕಲಿಸುವ ಫಂಕ್ಷನ್) ಬಳಸಿ. ಕೊನೆಯದು ಸೈನ್ಡ್ ಓವರ್‌ಫ್ಲೋ, ಅಂದರೆ ಧನ-ಋಣ ಸಂಖ್ಯೆ ತನ್ನ ಗರಿಷ್ಠ ಮಿತಿ ಮೀರುವುದು: ‘ಒಂದು ಕೂಡಿಸಿದರೆ ಚಿಕ್ಕದಾಯಿತೇ’ ಎಂಬ ಪರೀಕ್ಷೆಯನ್ನು ಜಿಸಿಸಿ ಕಂಪೈಲರ್ ಕಿತ್ತೊಗೆಯಬಹುದು. ಕೂಡಿಸುವ ಮೊದಲೇ ಗರಿಷ್ಠ ಬೆಲೆಯೊಂದಿಗೆ ಹೋಲಿಸಿ.

ಲೆಕ್ಕದ ಭಾಗವನ್ನು ಪಿಸಿಯಲ್ಲಿ ಅಡ್ರೆಸ್ ಮತ್ತು ಅನ್‌ಡಿಫೈನ್ಡ್ ಸ್ಯಾನಿಟೈಸರ್ (ಓಡುವಾಗ ತಪ್ಪು ಹಿಡಿಯುವ ಕಂಪೈಲರ್ ಆಯ್ಕೆಗಳು) ಹಾಕಿ ಓಡಿಸಿ. ಓವರ್‌ಫ್ಲೋ ಆದರೆ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಆಮೇಲೆ ಸಿಗ್ನಲ್ ಜನರೇಟರಿನಿಂದ ಸೆನ್ಸರ್ ಪಿನ್ನಿಗೆ ಪಲ್ಸ್ ಕೊಟ್ಟು 256ರ ಗಡಿಯನ್ನು ಸಾವಿರಾರು ಸಲ ದಾಟಿಸಿ. ನಾಲ್ಕು ಚೀಲ ದಾಟಿಸಿದರೆ ಈ ದೋಷ ಕಾಣುವುದಿಲ್ಲ.